ಫೋನಿನಲ್ಲಿ ಕಲಿತದ್ದು ತೋಟಕ್ಕೆ ಇಳಿಯಿತೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಹಾಕಿರುವ ನಮ್ಮಲ್ಲಿ ಅನೇಕರು ಅಜ್ಜನ ಕಾಲದಿಂದ ಅಡಿಕೆ ಕಂಡವರಲ್ಲ. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲದಲ್ಲಿ ಕೊಳವೆಬಾವಿ ತೆಗೆಸಿ ಸಸಿ ಇಟ್ಟವರು. ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಅಡಿಕೆ ಬಲ್ಲ ಹಿರಿಯರಿಲ್ಲ. ಹೀಗಾಗಿ ಮೊಬೈಲ್ ಫೋನೇ ಗುರುವಾಗಿದೆ. ಎರಡೆಕರೆ ತೋಟವೂ ಬಂಡವಾಳ, ಕೂಲಿ, ಸಾಲ ಎಲ್ಲವೂ ಇರುವ ಒಂದು ಸಣ್ಣ ಉದ್ದಿಮೆಯೇ. ಅದಕ್ಕೆ ಬರುವ ಪಾಠ ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ?

ಈ ವಿಷಯದಲ್ಲಿ ಮೊದಲು ಎಡವಿದವರು ನಾವೇ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ತೋಟವೊಂದರ ವಿಡಿಯೋ ನೋಡಿ, ಅದರಲ್ಲಿ ಹೇಳಿದಂತೆ ಗಿಡಕ್ಕೆ ಅರ್ಧ ಕಿಲೋ ಸುಣ್ಣ ಹಾಕಿಸಿದೆವು. ಮುಂದಿನ ಹಂಗಾಮಿಗೆ ಎಳೆ ಗರಿಗಳು ಬಿಳಿಚಿಕೊಂಡವು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದರೆ ರಸಸಾರ 8 ದಾಟಿತ್ತು! ವಿಡಿಯೋದವರು ಸುಳ್ಳು ಹೇಳಿರಲಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ನೀರು ಮಣ್ಣಿನ ಸುಣ್ಣದಂಶವನ್ನು ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಅಲ್ಲಿ ಸುಣ್ಣ ಬೇಕೇ ಬೇಕು. 600 ಮಿಲಿಮೀಟರ್ ಆಸುಪಾಸಿನ ನಮ್ಮ ಕಡೆ ಸುಣ್ಣದಂಶ ನೆಲದಲ್ಲೇ ಉಳಿದಿರುತ್ತದೆ. ಅದರ ಮೇಲೆ ಮತ್ತೆ ಸುರಿದರೆ ಮಣ್ಣಿನಲ್ಲಿ ಕಬ್ಬಿಣ, ಸತುವು ಇದ್ದರೂ ಬೇರಿಗೆ ದಕ್ಕುವುದಿಲ್ಲ. ಪಾಠ ಸರಿಯಾಗಿಯೇ ಇತ್ತು, ನೆಲ ಬೇರೆಯಾಗಿತ್ತು.

ತರಬೇತಿಯನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು 1959ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು. ಕಾರ್ಖಾನೆಗಳಿಗೆ ಹೇಳಿದ್ದು ತೋಟಕ್ಕೂ ಹೊಂದುತ್ತದೆ.

ಮೊದಲನೆಯದು, ಪಾಠ ಮೆಚ್ಚಿಗೆಯಾಯಿತೇ? ಲಕ್ಷ ಜನ ನೋಡಿದ್ದಾರೆ ಎಂಬ ಲೆಕ್ಕ ಈ ಮೆಟ್ಟಿಲಿನದು ಮಾತ್ರ. ಮೇಲಿನ ಮೂರಕ್ಕೆ ಅದು ಪುರಾವೆಯಲ್ಲ.

ಎರಡನೆಯದು, ವಿಷಯ ತಿಳಿಯಿತೇ? ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಹಾಗಾದರೆ ಯೂರಿಯಾ ಎಷ್ಟು ತೂಗಬೇಕೆಂದು ಗೊಬ್ಬರ ಹಾಕುವವರನ್ನು ಕೇಳಿ ನೋಡಿ. ‘100 ಗ್ರಾಂ’ ಎಂದರೆ ಪಾಠ ತಲೆಗೆ ಹೋಗಿಲ್ಲ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು ಮಾತ್ರ. ಆದ್ದರಿಂದ ಸುಮಾರು 217 ಗ್ರಾಂ ಬೇಕು.

ಮೂರನೆಯದು, ಕಲಿತಂತೆ ಮಾಡಿದರೇ? ಇದನ್ನು ಕಚೇರಿಯಲ್ಲಿ ಕುಳಿತು ತಿಳಿಯಲಾಗದು. ಒಂದು ತಿಂಗಳ ನಂತರ ತೋಟಕ್ಕೆ ಹೋಗಿ ನೋಡಬೇಕು. ಗೊಬ್ಬರ ಬುಡಕ್ಕೇ ಬಿದ್ದಿದೆಯೋ, ಮುಕ್ಕಾಲರಿಂದ ಒಂದು ಮೀಟರ್ ದೂರದ ಸುತ್ತಿನಲ್ಲಿ ಮಣ್ಣಿಗೆ ಸೇರಿದೆಯೋ ಎಂಬುದನ್ನು ನೆಲವೇ ಹೇಳುತ್ತದೆ.

ನಾಲ್ಕನೆಯದು, ಫಲ ಬಂತೇ? ಹೊಂಬಾಳೆ ಬಿಚ್ಚಿ ಕಾಯಿ ಹಣ್ಣಾಗಲು ಎಂಟು ತಿಂಗಳಿಗೂ ಹೆಚ್ಚು ಬೇಕು. ಆದಕಾರಣ ಹದಿನೈದು ದಿನದಲ್ಲಿ ಫಲಿತಾಂಶ ತೋರಿಸುವ ವಿಡಿಯೋವನ್ನು ನಂಬುವ ಮುನ್ನ ಯೋಚಿಸಬೇಕು. ಹೊಸತನ್ನು ನಾಲ್ಕು ಸಾಲಿಗೆ ಮಾಡಿ, ಪಕ್ಕದ ನಾಲ್ಕು ಸಾಲನ್ನು ಹಳೆಯ ಪದ್ಧತಿಯಲ್ಲೇ ಬಿಡಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ಬರೆದಿಡಿ.

ನಮ್ಮ ಸುಣ್ಣದ ಕಥೆಯನ್ನು ಈ ಮೆಟ್ಟಿಲುಗಳ ಮೇಲೆ ಇಟ್ಟು ನೋಡಿ. ಮೆಚ್ಚಿದೆವು, ತಿಳಿದೆವು, ಹೇಳಿದಂತೆಯೇ ಮಾಡಿದೆವು. ಮೂರರಲ್ಲೂ ತೇರ್ಗಡೆಯಾಗಿ ನಾಲ್ಕನೆಯದರಲ್ಲಿ ಬಿದ್ದೆವು. ಮೆಟ್ಟಿಲು ಹತ್ತುವ ಮೊದಲು ಹೊಸ್ತಿಲಲ್ಲೇ ಒಂದು ಪ್ರಶ್ನೆ ಕೇಳಬೇಕಿತ್ತು: ಇದು ಯಾವ ನೆಲದ, ಎಷ್ಟು ಮಳೆಯ ಪಾಠ?

ಆ ಪ್ರಶ್ನೆ ಒಬ್ಬರೇ ಕುಳಿತು ನೋಡುವಾಗ ಹೊಳೆಯುವುದಿಲ್ಲ, ನಾಲ್ಕು ಜನ ಸೇರಿದಾಗ ಯಾರಾದರೊಬ್ಬರು ಎತ್ತುತ್ತಾರೆ. 1956ರಲ್ಲಿ ಆಕಾಶವಾಣಿಯು ಯುನೆಸ್ಕೊ ನೆರವಿನಿಂದ ಪುಣೆ ಕಡೆಯ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ರೈತಕೂಟಗಳನ್ನು ನಡೆಸಿತು. ಕೂಟವಿದ್ದ ಹಳ್ಳಿಗಳನ್ನು, ಬರೀ ರೇಡಿಯೋ ಇದ್ದವನ್ನು ಮತ್ತು ಅದೂ ಇಲ್ಲದವನ್ನು ಹೋಲಿಸಿದಾಗ, ಕೇಳಿ ಚರ್ಚಿಸಿದ ಹಳ್ಳಿಗಳಲ್ಲೇ ತಿಳಿವಳಿಕೆ ಎದ್ದು ಕಾಣುವಂತೆ ಬೆಳೆದಿತ್ತು. ಅರ್ಧ ಶತಮಾನದ ಬಳಿಕ ಬೆಂಗಳೂರಿನಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆಯೂ ಇದೇ ದಾರಿ ಹಿಡಿಯಿತು. ಸ್ಥಳೀಯ ರೈತರನ್ನೇ ಚಿತ್ರೀಕರಿಸಿ, ಊರಿನವರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಕಾಫಿ ಮಂಡಳಿಯು 2018ರಲ್ಲಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ದಂತಹ ಫೋನ್ ಸಲಹೆಗೂ ಇದೇ ಮಾತು ಸಲ್ಲುತ್ತದೆ. ಕೇಳಿದ್ದನ್ನು ನೆರೆಯವರೊಡನೆ ಚರ್ಚಿಸಿದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಆದುದರಿಂದ ಸದಸ್ಯ ಬಾಂಧವರಲ್ಲಿ ಮೂರು ವಿನಂತಿ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿಲ್ಲದೆ ಗೊಬ್ಬರ, ಸುಣ್ಣದ ವಿಡಿಯೋ ನೋಡಬೇಡಿ. ಹೊಸ ಸಲಹೆಯನ್ನು ಇಡೀ ತೋಟಕ್ಕೆ ಮಾಡುವ ಮೊದಲು ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ, ನಿಮ್ಮ ತಾಲ್ಲೂಕು ಮತ್ತು ಮಣ್ಣಿನ ರಸಸಾರ ತಿಳಿಸಿ ಕೇಳಿರಿ, ಕನ್ನಡದಲ್ಲೇ ಮಾತನಾಡಬಹುದು. ಸೋತ ಪ್ರಯೋಗಗಳನ್ನೂ ನಾಚಿಕೆಯಿಲ್ಲದೆ ಸಂಘದ ಸಭೆಯಲ್ಲಿ ಹೇಳಿರಿ. ಗೆದ್ದವರ ವಿಡಿಯೋ ಎಲ್ಲೆಲ್ಲೂ ಸಿಗುತ್ತದೆ. ಸೋತವರ ಮಾತು ಸಿಗುವುದು ನೆರೆಯವರಿಂದ ಮಾತ್ರ. ನಮ್ಮದನ್ನು ಇಲ್ಲಿ ಹೇಳಿದ್ದೇವೆ. ಇನ್ನು ನಿಮ್ಮ ಸರದಿ.