ಲಾರಿಯ ಹಲ್ಲಿನ ಲೆಕ್ಕ

ಪಟ್ಟಣದ ಮನೆಯ ಅಕ್ಕಿಡಬ್ಬಿಗೂ ಲಾರಿಯ ಹೊಟ್ಟೆಯೊಳಗಿನ ಹಲ್ಲುಚಕ್ರಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ನೀರು ಹರಿದ ಮೇಲೆ, ಸುರಪುರ ಶಹಾಪುರಗಳ ಜೋಳದ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಯಾದಗಿರಿಯಲ್ಲಿ ರೈಲುನಿಲ್ದಾಣವೇನೋ ಇದೆ. ಆದರೆ ಗದ್ದೆಯ ಬದುವಿಗೆ ರೈಲು ಬರಲಾರದು. ಎರೆಮಣ್ಣಿನ ಕೆಸರಿನಿಂದ ಹೇರು ಹೊತ್ತು ಮೇಲೇರುವ ಲಾರಿಯೇ ಮರುದಿನ ಸುಮಾರು ೫೦೦ ಕಿಲೋಮೀಟರು ದೂರದ ಬೆಂಗಳೂರಿಗೂ ಓಡಬೇಕು. ಈ ಎರಡು ಕೆಲಸಗಳಿಗೂ ಹುಟ್ಟಾ ಹಗೆತನ.

ಲಾರಿಯ ಹಿಂದಿನ ಅಚ್ಚಿನ ನಡುವೆ ಒಂದು ಚಿಕ್ಕ, ಒಂದು ದೊಡ್ಡ ಹಲ್ಲುಚಕ್ರಗಳಿವೆ. ಚಿಕ್ಕದಕ್ಕೆ ೬, ದೊಡ್ಡದಕ್ಕೆ ೪೧ ಹಲ್ಲುಗಳಿದ್ದರೆ, ಚಿಕ್ಕದು ೬.೮೩ ಸಲ ಸುತ್ತಿದಾಗ ಗಾಲಿ ಒಮ್ಮೆ ಸುತ್ತುತ್ತದೆ. ವೇಗ ಕುಗ್ಗಿದಷ್ಟು ಪಟ್ಟು ಬಲ ಹಿಗ್ಗುತ್ತದೆ. ಗೇರುಪೆಟ್ಟಿಗೆಯ ಪ್ರಮಾಣವನ್ನು ಚಾಲಕನು ದಾರಿಯಲ್ಲಿ ಬದಲಿಸಬಲ್ಲನು. ಅಚ್ಚಿನದು ಕೊಂಡ ದಿನವೇ ಗೊತ್ತಾಗಿಬಿಡುತ್ತದೆ. ಕಂತು ತೀರುವವರೆಗೂ ಅದರೊಡನೆಯೇ ಬಾಳುವೆ.

ದೊಡ್ಡ ಟೈರಿನ ಸುತ್ತಳತೆ ಸುಮಾರು ೩.೨ ಮೀಟರು. ಗಂಟೆಗೆ ೬೦ ಕಿಲೋಮೀಟರು ಓಡುವಾಗ ಗಾಲಿ ನಿಮಿಷಕ್ಕೆ ೩೧೨ ಸಲ ಸುತ್ತುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ನಿನ ತಿರುಗು ಹೆಚ್ಚುಕಡಿಮೆಯಿಲ್ಲದೆ ಅಚ್ಚಿಗೆ ತಲಪುವುದೆಂದರೆ, ೬.೮೩ರ ಅಚ್ಚಿಗೆ ಎಂಜಿನ್ನು ೨,೧೩೦ ಸುತ್ತು ಹಾಕಬೇಕು. ೮ ಮತ್ತು ೩೯ ಹಲ್ಲಿನ, ಅಂದರೆ ೪.೮೮ರ ಅಚ್ಚಿಗೆ ೧,೫೨೦ ಸಾಕು. ಇಂದಿನ ಭಾರಿ ಡೀಸೆಲ್ ಎಂಜಿನ್ನುಗಳು ಮಿತವಾಗಿ ಉಣ್ಣುವುದು ಸಾಮಾನ್ಯವಾಗಿ ೧,೨೦೦ರಿಂದ ೧,೬೦೦ರೊಳಗೆ.

ಹಾಗಾದರೆ ಕೆಸರಿನ ಗತಿಯೇನು? ೨೦೧೮ರಲ್ಲಿ ೧೦ ಗಾಲಿಯ ಲಾರಿಯ ಒಟ್ಟು ತೂಕದ ಮಿತಿಯನ್ನು ೨೫ರಿಂದ ೨೮.೫ ಟನ್ನಿಗೆ ಏರಿಸಲಾಯಿತು. ಇಷ್ಟು ಭಾರವನ್ನು ಡಾಂಬರಿನ ಮೇಲೆ ಉರುಳಿಸಲು ೩೦೦ ಕಿಲೋದೊಳಗಿನ ಎಳೆತ ಸಾಕು. ಹಸಿ ಎರೆಯಲ್ಲಿ ಸುಮಾರು ೩ ಟನ್ನು ಬೇಕಾದೀತು. ಇಪ್ಪತ್ತಕ್ಕೊಂದರ ಏರು ಸೇರಿದರೆ ಮತ್ತೆ ೧.೪ ಟನ್ನು. ಒಂದು ಮೀಟರು ಉದ್ದದ ಸನ್ನೆಯ ತುದಿಯನ್ನು ೮೫ ಕಿಲೋದಷ್ಟು ಒತ್ತಬಲ್ಲ ಎಂಜಿನ್ನಿಗೆ, ಅದೇ ೪.೮೮ರ ಅಚ್ಚಿನೊಡನೆ, ಮೊದಲ ಗೇರು ೬.೫ ಇದ್ದರೆ ಗಾಲಿಯಲ್ಲಿ ದೊರೆಯುವುದು ೪.೫ ಟನ್ನಿನಷ್ಟು. ಲಾರಿ ಹೇಗೋ ಕದಲುತ್ತದೆ, ಕ್ಲಚ್ಚು ಸುಟ್ಟ ವಾಸನೆಯೂ ಹಬ್ಬುತ್ತದೆ. ಮೊದಲ ಗೇರು ೯ ಇದ್ದರೆ ೬ ಟನ್ನು ಮೀರುತ್ತದೆ. ಆದ್ದರಿಂದ ಅಚ್ಚನ್ನು ಹೆದ್ದಾರಿಗೆ ಆರಿಸಿ, ಕೆಸರನ್ನು ಮೊದಲ ಗೇರಿಗೆ ಒಪ್ಪಿಸುವುದೇ ಜಾಣತನ. (ಗಾಲಿಯೇ ಜಾರತೊಡಗಿದರೆ ಯಾವ ಹಲ್ಲೂ ಕಾಯಲಾರದು, ಆಗ ಹುಲ್ಲು, ಕಲ್ಲು, ಟ್ರ್ಯಾಕ್ಟರುಗಳೇ ಗತಿ.)

ಇದಕ್ಕೂ ಮಿತಿಯುಂಟು. ಶಹಾಪುರದಿಂದ ಸುರಪುರದತ್ತ ಹೋಗುವಾಗ ಸಣ್ಣಪುಟ್ಟ ಏರಿಗೂ ಗೇರು ಇಳಿಸಬೇಕಾಗಿ ಬಂದರೆ ಅಚ್ಚು ತೀರ ಹಗುರವಾಯಿತೆಂದೇ ಅರ್ಥ. ಉಳಿತಾಯವೆಲ್ಲ ಅಲ್ಲಿಯೇ ಕರಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗೇರು ಬಿಡಿಸಿ ಬಿಡುವವರೂ ಇದ್ದಾರೆ. ಎಂಜಿನ್ನಿನ ತಡೆ ತಪ್ಪಿದ ಮೇಲೆ ೨೮ ಟನ್ನಿನ ಹೊಣೆಯೆಲ್ಲ ಬ್ರೇಕಿನ ಪಟ್ಟಿಗಳದು. ಅವು ಕಾದರೆ ಹಿಡಿಯುವುದಿಲ್ಲ.

ಹಳೆಯ ಲಾರಿ ಕೊಳ್ಳುವವನು ಅಚ್ಚಿನ ಪ್ರಮಾಣಕ್ಕಾಗಿ ಮಾರುವವನ ಮಾತನ್ನು ನಂಬಬೇಕಾಗಿಲ್ಲ. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಬದಿಯ ಗಾಲಿಯನ್ನು ಜಾಕಿನಿಂದ ಎತ್ತಿ, ಗೇರು ಬಿಡಿಸಿ, ಅಚ್ಚಿಗೆ ಬಲ ತರುವ ಉದ್ದನೆಯ ದಂಡಕ್ಕೆ ಸುಣ್ಣದ ಗುರುತು ಹಾಕಬೇಕು. ಗಾಲಿಯನ್ನು ಕೈಯಿಂದ ಸರಿಯಾಗಿ ಎರಡು ಸಲ ಸುತ್ತಿಸಿದಾಗ ದಂಡವು ಐದಕ್ಕೆ ತುಸು ಕಡಿಮೆ ಸುತ್ತಿದರೆ ಅದು ಹೆದ್ದಾರಿಯ ಲಾರಿ. ಏಳರ ಸಮೀಪ ಸುತ್ತಿದರೆ ಗದ್ದೆಯ ಲಾರಿ.