ಕನ್ನಡ ಓದಬಲ್ಲ ಗಿಟ್ ಬೇಕು!

ನಮ್ಮೂರು ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿ. ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮೂವರು ಗೆಳೆಯರು ಸೇರಿ ಒಕ್ಕಲುತನದ ಪದಗಳ ಪುಟ್ಟ ಆನ್‌ಲೈನ್ ನಿಘಂಟು ಮಾಡುತ್ತಿದ್ದೇವೆ. ನಾನು ಊರಲ್ಲಿ, ಒಬ್ಬ ಲಕ್ಷ್ಮೇಶ್ವರದಲ್ಲಿ, ಇನ್ನೊಬ್ಬ ಗದಗದಲ್ಲಿ. ನಾನು ‘ಕುಂಟೆ’ ಎಂದು ಬರೆದರೆ ಗೆಳೆಯ ‘ಕುಂಟಿ’ ಎಂದು ತಿದ್ದುತ್ತಾನೆ. ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕ ಇಡಲು ಗಿಟ್ ಬೇಕೇ ಬೇಕು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಬರೆದ ತಂತ್ರಾಂಶವಿದು.

ಟರ್ಮಿನಲ್‌ನಲ್ಲೇ ಇದನ್ನು ಬಳಸಬಹುದು. ಆದರೆ ಕಡತದ ಹೆಸರು ಕನ್ನಡದಲ್ಲಿದ್ದರೆ ‘ಗಿಟ್ ಸ್ಟೇಟಸ್’ ಅಕ್ಷರಗಳ ಬದಲು ಅಂಕಿಗಳ ಸಾಲು ತೋರಿಸುತ್ತದೆ. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸೆಟ್ಟಿಂಗ್ ಅನ್ನು ‘ಫಾಲ್ಸ್’ ಮಾಡಿದರೆ ಅದು ಸರಿಹೋಗುತ್ತದೆ. ಬದಲಾದ ಸಾಲುಗಳನ್ನೆಲ್ಲ ಒಂದೇ ನೋಟಕ್ಕೆ ಕಾಣಲು ನಾನು ಗ್ರಾಫಿಕಲ್ ಕ್ಲೈಂಟ್ ಹುಡುಕತೊಡಗಿದೆ.

ನನ್ನದು 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು. ಗಿಟ್‌ಹಬ್ ಡೆಸ್ಕ್‌ಟಾಪ್ ಮತ್ತು ಸೋರ್ಸ್‌ಟ್ರೀ ಅಧಿಕೃತವಾಗಿ ಸಿಗುವುದು ವಿಂಡೋಸ್, ಮ್ಯಾಕ್‌ಗೆ ಮಾತ್ರ. ಗಿಟ್‌ಕ್ರಾಕನ್ ಲಿನಕ್ಸ್‌ನಲ್ಲಿ ಓಡುತ್ತದೆ, ನೋಡಲೂ ಚೆಂದ. ಆದರೆ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದರಿಂದ ರ್‍ಯಾಮ್ ಹೆಚ್ಚು ಬೇಡುತ್ತದೆ, ಖಾಸಗಿ ರೆಪಾಸಿಟರಿಗೆ ಹಣವನ್ನೂ ಕೇಳುತ್ತದೆ.

ಗಿಟ್‌ ಯೋಜನೆಯದ್ದೇ ಆದ ‘ಗಿಟ್‌ಕೆ’ ಮತ್ತು ‘ಗಿಟ್ ಗುಯಿ’ ತುಂಬ ಹಗುರ. ಅಲ್ಲಿ ನಮ್ಮ ‘ಎತ್ತು’, ‘ಬಿತ್ತನೆ’ಗಳ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಟ್ಟವು. ಅವುಗಳ ಪರದೆ ರೂಪಿಸುವ ಟಿಕೆ ಎಂಬ ಸಲಕರಣೆ ಲಿನಕ್ಸ್‌ನಲ್ಲಿ ಭಾರತೀಯ ಲಿಪಿಗಳ ಅಕ್ಷರ ಜೋಡಿಸುವುದಿಲ್ಲ. ನಿಘಂಟಿನಲ್ಲಿ ಕಾಗುಣಿತವೇ ಮುಖ್ಯ. ಅಕ್ಷರವೇ ಮುರಿದು ಕಂಡರೆ ಗೆಳೆಯ ತಿದ್ದಿದ್ದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು?

ಕೊನೆಗೆ ಉಳಿದದ್ದು ಎರಡು: ಗ್ನೋಮ್‌ನ ‘ಗಿಟ್‌ಜಿ’, ಕ್ಯೂಟಿ ಆಧರಿಸಿದ ‘ಗಿಟ್ ಕೋಲಾ’. ಎರಡೂ ಉಚಿತ, ಎರಡರಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ. ಹಳೆಯ ಬದಲಾವಣೆಗಳ ಸರಣಿ ನೋಡಲು ಗಿಟ್‌ಜಿ ಅನುಕೂಲ. ಒಂದೇ ಕಡತದಲ್ಲಿ ಬೇಕಾದ ಸಾಲುಗಳನ್ನಷ್ಟೇ ಆರಿಸಿ ಕಮಿಟ್ ಮಾಡಲು ಕೋಲಾ ಸಲೀಸು. ನಮಗೆ ದಿನವೂ ಬೇಕಾದದ್ದು ಅದೇ, ಹಾಗಾಗಿ ಕೋಲಾ ಆರಿಸಿಕೊಂಡೆ.

ನೀವೂ ಆರಿಸುವ ಮುನ್ನ ನಿಮ್ಮದೇ ಕೆಲಸದ ಒಂದು ಕನ್ನಡ ಕಡತ ತೆರೆದು ನೋಡಿ. ಹಾಗೆಯೇ, ಪ್ರತಿ ಬಟನ್‌ ಹಿಂದಿನ ಕಮಾಂಡ್ ಯಾವುದೆಂದು ಟರ್ಮಿನಲ್‌ನಲ್ಲೂ ಒಮ್ಮೆ ಮಾಡಿ ಕಲಿಯಿರಿ. ಕಮಿಟ್, ಬ್ರಾಂಚ್, ಮರ್ಜ್ ಅರ್ಥವಾಗಿದ್ದರೆ ಸಂದರ್ಶನದಲ್ಲಿ ಯಾವ ಕ್ಲೈಂಟ್ ಮುಂದಿಟ್ಟರೂ ತಡವರಿಸಬೇಕಿಲ್ಲ.