ಲಗ್ನ ಯಾವುದು, ಗಡಿಯಾರ ಯಾರದು?

ದೇವಸ್ಥಾನದಲ್ಲಿ ಅರ್ಚನೆ ಚೀಟಿ ಬರೆಸುವಾಗ ಗೋತ್ರ, ನಕ್ಷತ್ರ, ರಾಶಿ ಕೇಳುತ್ತಾರೆ. ಲಗ್ನವನ್ನು ಯಾರೂ ಕೇಳುವುದಿಲ್ಲ. ಪತ್ರಿಕೆಯ ವಾರಭವಿಷ್ಯಕ್ಕೂ ರಾಶಿ ಸಾಕು. ಹೀಗಾಗಿ ತಮ್ಮದು ರೋಹಿಣಿ ನಕ್ಷತ್ರ, ವೃಷಭ ರಾಶಿ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರು ಲಗ್ನದ ಮಾತು ಬಂದರೆ ಮನೆಯ ಹಿರಿಯರ ಮುಖ ನೋಡುತ್ತಾರೆ. ಜೋಯಿಸರು ಮಾತ್ರ ಜಾತಕ ಬಿಡಿಸಿದ ಕೂಡಲೇ ‘ಲ’ ಎಂದು ಬರೆದ ಮನೆಯನ್ನೇ ಮೊದಲು ಹುಡುಕುತ್ತಾರೆ. ವಿದ್ಯೆ, ಮದುವೆ, ಸಂತಾನ, ಉದ್ಯೋಗ ಯಾವುದೇ ಇರಲಿ, ಮನೆಗಳ ಎಣಿಕೆ ಶುರುವಾಗುವುದು ಅಲ್ಲಿಂದಲೇ.

ಮಗು ಹುಟ್ಟಿದ ಕ್ಷಣದಲ್ಲಿ, ಹುಟ್ಟಿದ ಊರಿನ ಪೂರ್ವ ದಿಗಂತದಲ್ಲಿ ಯಾವ ರಾಶಿ ಮೇಲೇಳುತ್ತಿತ್ತೋ ಅದೇ ಲಗ್ನ. ಜನ್ಮರಾಶಿ ಎಂದರೆ ಚಂದ್ರನಿದ್ದ ರಾಶಿ. ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ಸೂರ್ಯ ಒಂದು ತಿಂಗಳಿರುತ್ತಾನೆ. ಲಗ್ನಕ್ಕೆ ಅಷ್ಟು ಪುರುಸೊತ್ತಿಲ್ಲ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಹನ್ನೆರಡೂ ರಾಶಿಗಳು ಪೂರ್ವದಲ್ಲಿ ಎದ್ದು ಬರಬೇಕು: ಸರಾಸರಿ ಎರಡು ಗಂಟೆಗೊಂದು ರಾಶಿ, ನಾಲ್ಕು ನಿಮಿಷಕ್ಕೊಂದು ಡಿಗ್ರಿ. ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಗ್ರಹಸ್ಥಿತಿ ಹೆಚ್ಚೂಕಡಿಮೆ ಒಂದೇ. ಅವರ ಜಾತಕಗಳನ್ನು ಬೇರೆ ಮಾಡುವುದು ಲಗ್ನ.

ತುಳುನಾಡಿನ ಬಿಸು ಹಬ್ಬದ ಬೆಳಗನ್ನೇ ತೆಗೆದುಕೊಳ್ಳಿ. ಏಪ್ರಿಲ್ 14ರ ಆಸುಪಾಸು ಸೂರ್ಯ ಮೇಷ ರಾಶಿಯ ಹೊಸ್ತಿಲಲ್ಲಿರುತ್ತಾನೆ. ಮಂಗಳೂರಿನಲ್ಲಿ ಅಂದು 6.20ರ ಸುಮಾರಿಗೆ ಸೂರ್ಯೋದಯ. ಸೂರ್ಯನ ಜೊತೆಗೇ ಮೇಷವೂ ಏಳುವುದರಿಂದ ಆಗ ಹುಟ್ಟಿದ ಮಗುವಿಗೆ ಮೇಷ ಲಗ್ನ. ಎಂಟು ದಾಟಿ ಕೆಲವೇ ನಿಮಿಷಕ್ಕೆ ವೃಷಭ ಬರುತ್ತದೆ. ಸಂಜೆ ಸೂರ್ಯ ಮುಳುಗುವಾಗ ಎದುರಿನ ತುಲಾ ಪೂರ್ವದಲ್ಲಿರುತ್ತದೆ. ಅದೇ ದಿನ ಬೆಳಗ್ಗೆ 6.15ಕ್ಕೆ ಮಂಗಳೂರಿನಲ್ಲೊಂದು, ಬೆಂಗಳೂರಿನಲ್ಲೊಂದು ಮಗು ಹುಟ್ಟಿದರೆ ಮಂಗಳೂರಿನದು ಇನ್ನೂ ಮೀನ ಲಗ್ನದ ಕೊನೆಯಲ್ಲಿ, ಬೆಂಗಳೂರಿನದು ಆಗಲೇ ಮೇಷದಲ್ಲಿ. ಬೆಂಗಳೂರು ಪೂರ್ವಕ್ಕಿರುವುದರಿಂದ ಅಲ್ಲಿ ಹನ್ನೊಂದು ನಿಮಿಷ ಮೊದಲೇ ಬೆಳಗಾಗಿರುತ್ತದೆ. ಜಾತಕ ಬರೆಯಲು ಊರಿನ ಹೆಸರು ಕೇಳುವುದು ಇದಕ್ಕೇ.

ಲಗ್ನಕ್ಕೂ ಸೂರ್ಯೋದಯಕ್ಕೂ ಇರುವ ಈ ನಂಟಿನಿಂದ ಓದುಗರಿಗೊಂದು ಉಪಯೋಗವೂ ಇದೆ. ಪಂಚಾಂಗದ ಜ್ಞಾನವಿಲ್ಲದವರೂ ತಮ್ಮ ಜಾತಕವನ್ನು ಒರೆಗೆ ಹಚ್ಚಬಹುದು. ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳ ಜಾಗ ಬದಲಾಗುವುದಿಲ್ಲ: ಮೇಲಿನ ಎಡ ಮೂಲೆ ಮೀನ, ಅದರ ಪಕ್ಕ ಮೇಷ, ಹೀಗೆ ಬಲಕ್ಕೆ ಸುತ್ತುತ್ತಾ ಹೋಗುತ್ತದೆ. (ಉತ್ತರ ಭಾರತದ ಕುಂಡಲಿಯಲ್ಲಿ ಲಗ್ನವೇ ಮೇಲೆ ನಡುವಿನಲ್ಲಿ ನಿಂತು, ರಾಶಿಯನ್ನು ಅಂಕಿಯಲ್ಲಿ ತೋರಿಸುತ್ತಾರೆ.) ‘ಲ’ ಇರುವ ಮನೆಯನ್ನು ಒಂದು ಎಂದು ಎಣಿಸಿ, ‘ರ’ ಅಂದರೆ ರವಿ ಎಷ್ಟನೇ ಮನೆಯಲ್ಲಿದ್ದಾನೆ ನೋಡಿ. ಲಗ್ನದಲ್ಲೇ ಇದ್ದರೆ ಜನನ ಸೂರ್ಯೋದಯದ ಆಸುಪಾಸು. ಹತ್ತರಲ್ಲಿದ್ದರೆ ನಡುಮಧ್ಯಾಹ್ನದ ಹೊತ್ತು, ಏಳರಲ್ಲಿದ್ದರೆ ಸೂರ್ಯಾಸ್ತ, ನಾಲ್ಕರಲ್ಲಿದ್ದರೆ ನಡುರಾತ್ರಿ. ಮಧ್ಯಾಹ್ನ ಊಟದ ಹೊತ್ತಿಗೆ ಹುಟ್ಟಿದವನೆಂದು ಅಜ್ಜಿ ಹೇಳುತ್ತಿದ್ದು, ಜಾತಕದಲ್ಲಿ ರವಿ ನಾಲ್ಕನೇ ಮನೆಯಲ್ಲಿದ್ದರೆ ಬರೆದವರು ಹಗಲು ರಾತ್ರಿ ಅದಲುಬದಲು ಮಾಡಿದ್ದಾರೆ ಎಂದೇ ಅರ್ಥ.

ಎರಡು ಗಂಟೆ ಎನ್ನುವುದು ಸರಾಸರಿ ಮಾತ್ರ. ರಾಶಿಚಕ್ರ ದಿಗಂತಕ್ಕೆ ಓರೆಯಾಗಿರುವುದರಿಂದ ಕೆಲವು ರಾಶಿಗಳು ಬೇಗ ಎದ್ದುಬಿಡುತ್ತವೆ, ಕೆಲವು ನಿಧಾನ. ಬೆಂಗಳೂರಿನಲ್ಲಿ ಮೀನ ಲಗ್ನ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿದರೆ ಮಿಥುನ ಎರಡು ಗಂಟೆ ಹನ್ನೆರಡು ನಿಮಿಷ ನಿಲ್ಲುತ್ತದೆ. ಉತ್ತರಕ್ಕೆ ಹೋದಂತೆ ಈ ಅಂತರ ಅತಿಯಾಗುತ್ತದೆ. ಲಂಡನ್ನಿನಲ್ಲಿ ಮೀನಕ್ಕೆ ಸಿಗುವುದು ಐವತ್ತೇ ನಿಮಿಷ, ಕನ್ಯಾ ಲಗ್ನಕ್ಕೆ ಎರಡು ಗಂಟೆ ಐವತ್ತು ನಿಮಿಷ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಮಗು ಮೀನ ಲಗ್ನದಲ್ಲಿ ಹುಟ್ಟುವುದಕ್ಕಿಂತ ಕನ್ಯಾ ಲಗ್ನದಲ್ಲಿ ಹುಟ್ಟುವ ಸಂಭವ ಮೂರು ಪಟ್ಟಿಗೂ ಹೆಚ್ಚು. ಉತ್ತರ ಧ್ರುವವೃತ್ತದಾಚೆ ಕೆಲವು ರಾಶಿಗಳು ಉದಯಿಸುವುದೇ ಇಲ್ಲ! ಲಗ್ನ ಸ್ವಭಾವವನ್ನು ತೀರ್ಮಾನಿಸುತ್ತದೆ ಎನ್ನುವವರು ಈ ಏರುಪೇರಿಗೆ ಉತ್ತರ ಹುಡುಕಬೇಕಾಗುತ್ತದೆ.

ಈ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ಶ್ರೀಧರಾಚಾರ್ಯ ಚಾಲುಕ್ಯರ ಕಾಲದಲ್ಲಿ, 1049ರಲ್ಲಿ, ‘ಜಾತಕತಿಲಕ’ವನ್ನು ಕನ್ನಡದಲ್ಲೇ ಬರೆದ. ಆಗ ಹೊತ್ತು ಅಳೆಯುತ್ತಿದ್ದುದು ಗಳಿಗೆ ಬಟ್ಟಲಿನಿಂದ: ತಳದಲ್ಲಿ ಸಣ್ಣ ತೂತಿರುವ ಬಟ್ಟಲು ನೀರಿನಲ್ಲಿ ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹಳೆಯ ಜಾತಕಗಳಲ್ಲಿ ಸೂರ್ಯೋದಯದಿಂದ ಇಷ್ಟು ಗಳಿಗೆ ಎಂದೇ ಬರೆದಿರುತ್ತದೆ. ಅದು ಆಯಾ ಊರಿನ ಸೂರ್ಯೋದಯ, ಹಾಗಾಗಿ ಒಂದು ರೀತಿಯಲ್ಲಿ ನಿಖರವೇ.

ತೊಡಕು ಬಂದದ್ದು ಕೈಗಡಿಯಾರದ ಜೊತೆ. ದೇಶಕ್ಕೆಲ್ಲ ಒಂದೇ ಸಮಯ 1906ರಲ್ಲಿ ಬಂತು. ಬೆಂಗಳೂರಿನ ಸ್ಥಳೀಯ ಕಾಲ ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನದು ಅರ್ಧ ಗಂಟೆ. ಎರಡನೇ ಮಹಾಯುದ್ಧದಲ್ಲಿ ಇನ್ನೊಂದು ಗೊಂದಲ: 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಇದನ್ನು ಮರೆತು ಆ ಮೂರು ವರ್ಷಗಳ ಜಾತಕ ಬರೆದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರ ಲಗ್ನವೇ ತಪ್ಪಾಗುತ್ತದೆ. ಈಗಿನವರ ಪಾಡೂ ಅಷ್ಟೇನೂ ಉತ್ತಮವಲ್ಲ. ಜನನ ಪ್ರಮಾಣಪತ್ರದಲ್ಲಿ ದಿನಾಂಕ ಇರುತ್ತದೆ, ಗಂಟೆ ಇರುವುದಿಲ್ಲ. ಗಂಟೆ ಸಿಗುವುದು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ, ಅದೂ ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ ಗೋಡೆ ಗಡಿಯಾರ ನೋಡಿ ಬರೆದದ್ದು. ಜನನವೆಂದರೆ ತಲೆ ಕಂಡ ಕ್ಷಣವೋ, ಮೊದಲ ಅಳುವೋ, ಹೊಕ್ಕುಳಬಳ್ಳಿ ಕತ್ತರಿಸಿದ್ದೋ ಎಂಬುದರಲ್ಲಿ ಜ್ಯೋತಿಷಿಗಳಲ್ಲೇ ಒಮ್ಮತವಿಲ್ಲ. ಇತ್ತ ಸಿಸೇರಿಯನ್‌ಗೆ ಮುಹೂರ್ತ ಇಡಿಸಿ ಮೊದಲೇ ಲಗ್ನ ಆರಿಸುವ ಕುಟುಂಬಗಳೂ ಇವೆ.

ಸಮಯ ಸರಿಯಿದ್ದರೂ ಅಯನಾಂಶದ ತಕರಾರು ಉಳಿಯುತ್ತದೆ. ಪಾಶ್ಚಾತ್ಯರು ರಾಶಿಚಕ್ರವನ್ನು ವಿಷುವದಿಂದ ಎಣಿಸುತ್ತಾರೆ, ನಮ್ಮವರು ನಕ್ಷತ್ರಗಳಿಂದ. ಎರಡರ ನಡುವಿನ ಈ ಅಂತರವೇ ಅಯನಾಂಶ, ಈಗ ಸುಮಾರು 24 ಡಿಗ್ರಿ. ಹೀಗಾಗಿ ಮೊಬೈಲಿನ ವಿದೇಶಿ ಆ್ಯಪ್ ಐವರಲ್ಲಿ ನಾಲ್ವರಿಗೆ ಮುಂದಿನ ರಾಶಿಯ ಲಗ್ನ ತೋರಿಸುತ್ತದೆ. ನಮ್ಮವರಲ್ಲೂ ಒಗ್ಗಟ್ಟಿಲ್ಲ. ವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅದರ ಕಾರ್ಯದರ್ಶಿಯಾಗಿದ್ದ ಎನ್. ಸಿ. ಲಾಹಿರಿಯವರ ಹೆಸರಿನ ಅಯನಾಂಶ ಇಂದು ಹೆಚ್ಚು ಬಳಕೆಯಲ್ಲಿದೆ. ಬೆಂಗಳೂರಿನ ಜ್ಯೋತಿಷಿ ಬಿ. ವಿ. ರಾಮನ್ ಬೇರೆಯದನ್ನೇ ಹಿಡಿದರು, ಅದಕ್ಕೂ ಲಾಹಿರಿಗೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಲಗ್ನ ಎರಡು ರಾಶಿಗಳ ಗಡಿಯಲ್ಲಿದ್ದವರಿಗೆ ಇದೇ ಸಾಕು, ಒಬ್ಬರು ಕಟಕ ಎಂದರೆ ಇನ್ನೊಬ್ಬರು ಸಿಂಹ ಎನ್ನಲು.

ಇಲ್ಲಿಯವರೆಗಿನದು ಖಗೋಳ, ತಪ್ಪಿದರೆ ತಿದ್ದಬಹುದು. ಫಲ ಹೇಳುವುದು ಬೇರೆಯೇ ಕಥೆ. ಖಗೋಳವಿಜ್ಞಾನಿ ಜಯಂತ ನಾರ್ಳಿಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ನೂರು ಪ್ರತಿಭಾವಂತ ಮಕ್ಕಳ, ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕ ಕಲೆಹಾಕಿ, ಯಾವುದು ಯಾರದೆಂದು ಹೇಳುವಂತೆ ಜ್ಯೋತಿಷಿಗಳ ಮುಂದಿಟ್ಟರು. ತಲಾ 40 ಜಾತಕ ನೋಡಿ ಉತ್ತರ ಕಳಿಸಿದವರು 27 ಮಂದಿ. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಐವತ್ತರ ಹತ್ತಿರ ಬರುತ್ತಿತ್ತು. ಫಲಿತಾಂಶ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೂ ಲಗ್ನದ ಪೆಟ್ಟು ನಿಜವಾಗಿ ಬೀಳುವುದು ಮದುವೆ ಮಾತುಕತೆಯಲ್ಲಿ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಹನ್ನೆರಡರಲ್ಲಿ ಐದು ಮನೆ ಎಂದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ‘ದೋಷ’ದವರೇ ಆದರು. ಹುಟ್ಟಿದ ಹೊತ್ತು ಕಾಲು ಗಂಟೆ ಆಚೀಚೆಯಾಗಿ ಲಗ್ನ ಜರುಗಿದರೆ ಅದೇ ಕುಜ ಎಂಟರಿಂದ ಒಂಬತ್ತಕ್ಕೆ ಹೋಗಿ ನಿರಪರಾಧಿಯಾಗುತ್ತಾನೆ. ಮನೆಯ ಮಗಳಿಗೋ ಮಗನಿಗೋ ಕುಜದೋಷವೆಂದು ಯಾರಾದರೂ ಸಂಬಂಧ ಮುರಿಯಲು ಹೊರಟರೆ, ಶಾಂತಿಯ ಖರ್ಚು ಕೇಳುವ ಮೊದಲು ಆ ಜಾತಕದ ಜನನ ಸಮಯ ಎಲ್ಲಿಂದ ಬಂತು, ಯಾವ ಅಯನಾಂಶ ಹಿಡಿದರು ಎಂದು ಕೇಳಿ.